ಹೊದಿಕೆಯೊಳಗಿನ ನಾಗಪ್ಪ

ನಮ್ಮೂರು ಮಟಕಿಯಲ್ಲಿ ಬೇಸಿಗೆಯಲ್ಲೂ ಹೊದ್ದು ಮಲಗುತ್ತಿದ್ದ ಹೊಲ ನನ್ನದೊಂದೇ. ಉಳಿದವರ ಹೊಲಗಳು ಬತ್ತಲೆಯಾಗಿ, ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿದ್ದವು. ನಾನು ಉಳುವುದು, ಹರಗುವುದು ಎರಡನ್ನೂ ಬಿಟ್ಟಿದ್ದೆ. ತೊಗರಿ ಸಾಲಿನ ನಡುವೆ ಹುರುಳಿ ಬಿತ್ತಿ, ಬಳ್ಳಿ ಒಣಗಿದ ಮೇಲೆ ಕೀಳದೆ ಬಿಟ್ಟೆ. ಅದರ ಮೇಲೆ ತೊಗರಿ ಕಟ್ಟಿಗೆಯನ್ನೂ ಹರಡಿದೆ. ಮುಂಗಾರಿನ ಮಿರಗದ ಮಳೆಯವರೆಗೆ ಆ ಹೊದಿಕೆ ಉಳಿದರೆ ತೇವ ಆರುವುದಿಲ್ಲ, ಉಳದೆಯೇ ಬಿತ್ತಬಹುದು. ಆದರೆ ಉಳಿಯಬೇಕಲ್ಲ! ರಾಶಿ ಮುಗಿದ ಮೇಲೆ ಹೊಲ ಊರ ದನಗಳಿಗೆ, ಕಟ್ಟಿಗೆ ಕಂಡವರ ಒಲೆಗೆ. ಇದು ನಮ್ಮ ಕಡೆಯ ರೂಢಿ.

ಬುದ್ಧಿ ಇಲ್ಲದವರು ಬೇಲಿ ಹಾಕುತ್ತಾರೆ. ನಾನು ಹಾವು ಬಿಟ್ಟೆ, ಬಾಯಿಂದಲೇ. ಪಕ್ಕದ ಮನೆಯಾಕೆ ಹಗ್ಗ ಹಿಡಿದು ಕಟ್ಟಿಗೆಗೆ ಬಂದಾಗ ತಡೆದೆ.

"ಯಾಕ ಬೇ ಯವ್ವಾ, ಜೀವ ಬ್ಯಾಸರ ಆಗೇದೇನು? ಅದರಾಗ ನಾಗಪ್ಪ ಅದಾನ. ಹೆಡಿ ಮೊರದಷ್ಟು!"

"ಖರೇನ ಕಾಕಾ?"

"ನನ್ನ ಮೀಸಿ ಆಣಿ!"

ಅವತ್ತಿನಿಂದ ದನಗಳೂ ಸುತ್ತು ಹಾಕಿ ಹೋಗತೊಡಗಿದವು. ನಾನು ಮೀಸೆ ತಿರುವುತ್ತ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕೈಮುಗಿದು ಬಂದೆ.

ಬಂದು ನೋಡಿದರೆ ಹೊಲ ಅಂಗೈಯಷ್ಟು ನುಣ್ಣಗೆ! ನಡುವೆ ಅರಿಶಿನ, ಕುಂಕುಮ, ಒಡೆದ ಕಾಯಿ. ಪಕ್ಕದ ಮನೆಯಾಕೆ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಳು.

"ದೇವರಿರೋ ಜಾಗ ಎಷ್ಟ ಹೊಲಸ ಇಟ್ಟಿದ್ರಿ ಕಾಕಾ! ಓಣಿ ಹೆಣ್ಮಕ್ಕಳೆಲ್ಲಾ ಕೂಡಿ ಬಳದ್ವಿ."

"ಹೆದರಿಕಿ ಬರ್ಲಿಲ್ಲೇನು?"

"ಕೈ ಮುಗಿದೇ ಕಾಲಿಟ್ವಿ. ಭಕ್ತರಿಗೆ ಯಾಕ ಕಡೀತಾನ? ಆದ್ರ ದೇವರ ಕಟ್ಟಿಗಿ ನಮಗ ಬ್ಯಾಡಪಾ. ನಿಮ್ಮ ಅಂಗಳದಾಗ ಒಟ್ಟೀವಿ."

ಅಂಗಳದಲ್ಲಿ ಮಾಳಿಗೆ ಮುಟ್ಟುವ ಒಟ್ಟಲು. "ವರ್ಷದ ಒಲಿ ಚಿಂತಿ ತೀರ್ತು," ಎಂದು ನನ್ನಾಕೆ ಹಿಗ್ಗುತ್ತಿದ್ದಳು. ನನ್ನ ಕಣ್ಣು ಮುಗಿಲಿನ ಮೇಲೆ. ಮೋಡ ಕಟ್ಟುತ್ತಿತ್ತು. ಮಳೆಗಿಂತ ಮುಂಚೆ ಇದೆಲ್ಲ ಹೊಲ ಸೇರದಿದ್ದರೆ ನನ್ನ ವರ್ಷದ ಹಟವೇ ನೀರುಪಾಲು. ಕೂಗಿದೆ:

"ಲೇ, ಮುಟ್ಟಬ್ಯಾಡ! ನಾಗಪ್ಪ ಕಟ್ಟಿಗಿ ಜೋಡಿ ಮನಿಗೇ ಬಂದಾನ! ಹೊಲಕ್ಕ ವಾಪಸ್ ಕಳಿಸಬೇಕು!"

ಆಕೆ ಎರಡೇ ಜಿಗಿತಕ್ಕೆ ಒಳಗೆ. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡು ಬಂಡಿಯವನನ್ನು ಕರೆದೆ.

ಅವನು ದೂರದಲ್ಲೇ ನಿಂತ. "ಹಾವಿನ ಹೇರು ಎತ್ತು ಎಳೀತಾವೇನ್ರಿ ಮುತ್ಯಾ? ನಿಮ್ಮ ನಾಗಪ್ಪ, ನೀವ ಹೊರ್ರಿ."

ಹೊತ್ತೆ, ಹೊರೆ ಮೇಲೆ ಹೊರೆ. ಮುಂದೆ ಊದಿನಕಡ್ಡಿ ಹಿಡಿದ ಪಕ್ಕದ ಮನೆಯಾಕೆ, ಇಕ್ಕೆಲದಲ್ಲಿ ಕೈಮುಗಿದ ಓಣಿ. ದಣಿವಾಗಿ ಹೊರೆ ಇಳಿಸಲು ಹೋದರೆ, "ಇಡಬ್ಯಾಡ್ರಿ, ನಾಗಪ್ಪಗ ಪೆಟ್ಟ ಆಗ್ತದ!" ಎಂದು ಹತ್ತು ಬಾಯಿ.

ಕೊನೆಯ ಹೊರೆ ಹರಡುವಾಗ ಹನಿ ಬಿತ್ತು. ಹೊಲ ಮತ್ತೆ ಹೊದ್ದುಕೊಂಡಿತ್ತು. ನನ್ನ ಕುತ್ತಿಗೆ ಮಾತ್ರ ಅತ್ತಿತ್ತ ತಿರುಗುತ್ತಿರಲಿಲ್ಲ.

ಮನೆಯಲ್ಲಿ ನನ್ನಾಕೆ ಎಣ್ಣೆ ತಿಕ್ಕುತ್ತ ಕೇಳಿದಳು: "ನಾಗಪ್ಪ ಭಾಳ ತೂಕ ಅದಾನಲ್ರೀ?"