ಮನೆ ಮುಟ್ಟದ ಕ್ಯಾಪ್ಟನ್

ಗುರುವಾರ ಬಂತೆಂದರೆ ನೆಲ್ಯಾಡಿಯ ಸಿಸಿಲಿ ರಬ್ಬರ್ ಶೀಟು ಒತ್ತುವ ಕೆಲಸವನ್ನು ಬೇಗ ಮುಗಿಸಿ, ಸಂಜೆಗೆ ನೆರೆಮನೆಯ ದಮಯಂತಿಯ ಟಿವಿ ಮುಂದೆ ಹಾಜರು. ದಾರಿ ತಪ್ಪಿದ ಆಕಾಶನೌಕೆಯೊಂದು ವರ್ಷಗಟ್ಟಲೆ ನಕ್ಷತ್ರಗಳ ನಡುವೆ ಅಲೆಯುವ ಇಂಗ್ಲಿಷ್ ಧಾರಾವಾಹಿ ಅದು. ಹೆಸರುಗಳ ಹೊರತು ಅವಳಿಗೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆದರೆ ನರೆಗೂದಲಿನ ಕ್ಯಾಪ್ಟನ್ ವಾರ್ಡಲ್ ಕಿಟಕಿಯಾಚೆ ತನ್ನ ಭೂಮಿಯನ್ನು ಹುಡುಕುವಾಗ, ಹನ್ನೆರಡನೇ ವಯಸ್ಸಿಗೆ ಕೇರಳದಿಂದ ಲಾರಿ ಹತ್ತಿ ಬಂದು ಮತ್ತೆ ಊರು ಕಾಣದ ಸಿಸಿಲಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿರಲಿಲ್ಲ.

ಚರ್ಚಿನಲ್ಲಿ ಪ್ರತಿ ಭಾನುವಾರ ದೂರದೇಶದಲ್ಲಿರುವವರ ಹೆಸರು ಓದಿ ಪ್ರಾರ್ಥಿಸುವ ಕ್ರಮವಿತ್ತು. ಸಿಸಿಲಿ ಚೀಟಿಯಲ್ಲಿ ಕ್ಯಾಪ್ಟನ್ ವಾರ್ಡಲ್ ಎಂದು ಬರೆದುಕೊಟ್ಟಳು. ಯಾವುದೋ ಹಡಗಿನಲ್ಲಿರುವ ಪರಿಚಯದವನಿರಬೇಕೆಂದು ಪಾದ್ರಿಗಳು ಎರಡು ವರ್ಷ ಓದಿದರು.

ಎಂಬತ್ತೇಳನೇ ಇಸವಿಯಲ್ಲಿ ಧಾರಾವಾಹಿ ಅರ್ಧಕ್ಕೇ ನಿಂತುಹೋಯಿತು. ಸಿಸಿಲಿಯ ಚೀಟಿ ಮಾತ್ರ ಬರುತ್ತಲೇ ಇತ್ತು. ದಮಯಂತಿಯಿಂದ ವಿಷಯ ತಿಳಿದ ಪಾದ್ರಿಗಳು ಅವಳನ್ನು ಕರೆದು, "ಎಂತ ಸಿಸಿಲಿ ಇದು? ಅದು ಬರೀ ಕಥೆಯಲ್ವಾ? ಅದೂ ಮುಗೀತಲ್ಲ!" ಎಂದರು.

"ಮುಗಿದದ್ದಲ್ಲ ಫಾದರ್, ಟಿವಿಯವರು ನಿಲ್ಲಿಸಿದ್ದು," ಸಿಸಿಲಿ ರೇಗಿದಳು. "ಆ ಮನುಷ್ಯ ಇನ್ನೂ ಮನೆ ಮುಟ್ಟಲಿಲ್ಲ."