ಜರಗನಹಳ್ಳಿಯಲ್ಲಿ ಮನಿ ಕೇಳಿದ್ದು

“ಮನಿ ಬೇಕಾಗಿತ್ರೀ,” ಎಂದೆ. ಜರಗನಹಳ್ಳಿಯ ಆ ಗೇಟಿನೊಳಗೆ ನಿಂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಗಟ್ಟಿಮುಟ್ಟಾಗಿದೀಯ, ಎಲ್ಲಾದ್ರೂ ಕೆಲ್ಸ ಮಾಡ್ಕೊಳಮ್ಮ.”

ಬೆಂಗಳೂರಿಗೆ ಬಂದ ಮೂರನೆಯ ದಿನವದು. ಹುಬ್ಬಳ್ಳಿಯ ನಮ್ಮ ಬಾಯಲ್ಲಿ ಮನೆ ಎಂದರೆ ಮನಿ. ಇಲ್ಲಿಯ ಕಿವಿಗೆ ಅದು ದುಡ್ಡು. ‘ಮನೆ ಬಾಡಿಗೆಗಿದೆ’ ಬೋರ್ಡನ್ನು ಬೆರಳಿಟ್ಟು ತೋರಿಸಿದೆ. ಮಾಲೀಕರಾದ ರತ್ನಮ್ಮ ಆಂಟಿ ಗೇಟು ಹಿಡಿದುಕೊಂಡು ನಕ್ಕರು.

“ಬಾಡಿಗೆ ಹನ್ನೆರಡು ಸಾವ್ರ. ಅಡ್ವಾನ್ಸ್ ಹತ್ತು ತಿಂಗಳದ್ದು.”

ನಮ್ಮ ಓಣಿಯಲ್ಲಿ ಎರಡು ತಿಂಗಳದ್ದು ಕೇಳಿದರೇ ಜಗಳ. ನನ್ನ ಬಳಿ ಇದ್ದದ್ದು ಅರವತ್ತೇ ಸಾವಿರ. ಹಾಗೆಂದೆ.

“ಐದೇ ತಿಂಗಳದ್ದು ಕೊಡು ಹೋಗು. ಇಷ್ಟು ನಕ್ಕು ಎಷ್ಟು ದಿನ ಆಗಿತ್ತೋ.”

ಆ ದಿನದ ಡೈರಿಯಲ್ಲಿ ಬರೆದಿದ್ದೇನೆ: ಒಂದು ತಪ್ಪು ಮಾತಿನಿಂದ ಉಳಿದದ್ದು, ಅರವತ್ತು ಸಾವಿರ.

ಹುಬ್ಬಳ್ಳಿಯ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಪಗಾರ ಇಪ್ಪತ್ತೆಂಟು ಸಾವಿರವಿತ್ತು, ಹದಿನಾಲ್ಕು ಉಳಿಯುತ್ತಿತ್ತು. ಇಲ್ಲಿ ಅದೇ ಕೆಲಸಕ್ಕೆ ಐವತ್ತೆರಡು. ಹೊರಡುವಾಗ ಮ್ಯಾನೇಜರ್ ಕುಲಕರ್ಣಿ ಸರ್ ಹೇಳಿದ್ದರು: “ಮೂರು ತಿಂಗಳು ನಿನ್ನ ಖುರ್ಚಿ ಖಾಲಿ ಇಡ್ತೀನವಾ. ಬೆಂಗಳೂರಾಗ ಪಗಾರ ಅಷ್ಟ ದೊಡ್ಡದು, ಉಳಿತಾಯ ಅಲ್ಲ.” ಮೂರನೆಯ ತಿಂಗಳು ಹದಿನಾಲ್ಕು ಸಾವಿರಕ್ಕಿಂತ ಕಡಿಮೆ ಉಳಿದರೆ ಮರಳುತ್ತೇನೆಂದು ಮಾತು ಕೊಟ್ಟಿದ್ದೆ.

ಹೋಟೆಲಿನ ರೊಟ್ಟಿ ಬಿಟ್ಟೆ. ಊರಿನಿಂದ ಜೋಳದ ಹಿಟ್ಟು ತರಿಸಿ ನಾನೇ ಬಡಿದೆ. ಆ ಸದ್ದಿಗೆ ಆಂಟಿ ಕೆಳಗಿನಿಂದ, “ಮೇಲೇನು ಗೋಡೆ ಒಡೀತಿದೀಯ?” ಎಂದು ಕೂಗಿದರು. ಎರಡು ರೊಟ್ಟಿ ಕೊಟ್ಟೆ, ಬದಲಿಗೆ ಅವರ ಸೊಪ್ಪಿನ ಬಸ್ಸಾರು ಬಂತು. ಸರ್ಕಾರಿ ಬಸ್ಸಿನ ಟಿಕೆಟ್ಟು ಹೆಣ್ಣುಮಕ್ಕಳಿಗೆ ಅಲ್ಲೂ ಇಲ್ಲೂ ಪುಕ್ಕಟೆ, ಖರ್ಚು ಸೊನ್ನೆ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಕಳೆದ ಹೊತ್ತಿಗೆ ಮಾತ್ರ ಡೈರಿಯಲ್ಲಿ ಕಾಲಮು ಸಾಲಲಿಲ್ಲ.

ತೊಂಬತ್ತನೆಯ ದಿನ ಆ ತಿಂಗಳ ಲೆಕ್ಕ ಕೂಡಿ ಕಳೆದೆ. ಬಾಡಿಗೆ ಹನ್ನೆರಡು ಸಾವಿರ, ಊಟ ಒಂಬತ್ತು, ನೀರು-ಕರೆಂಟು ಸಾವಿರದಿನ್ನೂರು, ಉಳಿದೆಲ್ಲ ಸೇರಿ ಎಂಟು ಸಾವಿರದ ನಾನೂರು. ಮಿಕ್ಕಿದ್ದು ಇಪ್ಪತ್ತೊಂದು ಸಾವಿರದ ನಾನೂರು. ಎರಡು ಸಲ ಕೂಡಿದೆ. ಸರ್‌ಗೆ ಫೋನು ಮಾಡಿದೆ.

“ಇಲ್ಲಿ ಅರ್ಧಾ ಉಳೀತಿತ್ತು, ಅಲ್ಲಿ ಅರ್ಧಕ್ಕಿಂತ ಕಡಿಮಿ. ಗೆದ್ದಾರ ಯಾರು?”

“ಬ್ಯಾಂಕಿನಾಗ ರೂಪಾಯಿ ಇಡ್ತೀನ್ರೀ ಸರ್, ಅರ್ಧ ಇಡಂಗಿಲ್ಲ.”

“ಖುರ್ಚಿ ಬ್ಯಾರೇದವರಿಗೆ ಕೊಡ್ತೀನಿ ಹಂಗಾರ.”

ಗೆದ್ದ ಖುಷಿಯಲ್ಲಿ ಮೈಸೂರುಪಾಕು ತಂದೆ. ಗೇಟಿನಲ್ಲೇ ಆಂಟಿ, “ಬಂದ್ಯಾ ಮನೀಗೆ?” ಎಂದು ಛೇಡಿಸಿದರು. ಮೆಟ್ಟಿಲು ಹತ್ತುವಾಗ ಅವ್ವನ ಫೋನು.

“ಎಲ್ಲಿದ್ದೀಯವಾ?”

“ಮನೇಲಿದೀನಿ.”

ಅವ್ವ ಮೆಲ್ಲಗೆ ಕೇಳಿದಳು: “ಯಾರ ಮನಿಯಾಗ?”