ಚಿಲಕ ಹಾಕಿದ ಬಾಗಿಲಿನ ಒಳಮೈ

ದೆವ್ವ, ಭೂತ ಎಂದರೆ ನಾನು ನಗುತ್ತಿದ್ದವನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದಿಂದ ನಗುವುದು ಬಿಟ್ಟಿದ್ದೇನೆ, ಅಷ್ಟೇ.

ಚೆನ್ನೈಯ ತಿರುವೊಟ್ಟಿಯೂರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಮೇಲೆಯೇ ಮನೆ. ವಿಡಿಯೊ ನೋಡಿ ನೋಡಿ ನಾನೊಂದು ಶಾಖದ ಕ್ಯಾಮೆರಾ ಮಾಡಿದ್ದೆ. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೊಂದು ಸೆನ್ಸರ್. ಅದು ಬೆಳಕನ್ನಲ್ಲ, ಬಿಸಿಯನ್ನು ನೋಡುತ್ತದೆ: ಬಿಸಿ ಇದ್ದಲ್ಲಿ ಹಳದಿ, ಇಲ್ಲದಲ್ಲಿ ನೀಲಿ. ಚಿತ್ರ ಮಾತ್ರ ತೀರಾ ಒರಟು. "ಮೊದ್ಲು ಸಾಂಬಾರು ಬಿಸಿ ಉಂಟಾ ನೋಡು ಮಾರಾಯ, ಗಿರಾಕಿಗಳು ಬೈತಿದ್ದಾರೆ," ಎಂದು ಅಪ್ಪ ಗೇಲಿ ಮಾಡಿದ್ದರು.

ಸೋದರಮಾವ ನಮ್ಮಲ್ಲೇ ಅಡುಗೆ ಮಾಡುತ್ತಿದ್ದವರು. ಅಮ್ಮನ ಜೊತೆ ಜಗಳವಾಡಿ ಅಲ್ಲೇ ಹತ್ತಿರದ ಮಣಲಿಯ ಯಾವುದೋ ಕ್ಯಾಂಟೀನಿಗೆ ಹೋದರು. ಮತ್ತೆ ಮಾತು ಕೂಡುವ ಮೊದಲೇ ಅಲ್ಲಿ ತೀರಿಕೊಂಡರು. ಊರಲ್ಲಿ, ನಮ್ಮ ಕರಾವಳಿಯ ಕಡೆ, ಸತ್ತವರಿಗೆ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿ, ಉಂಡು ಹೋಗಲೆಂದು ಹೊರಗೆ ಕಾಯುವ ಪದ್ಧತಿಯಿದೆ. ತಮ್ಮ ಬಂದನೆಂದು ಗೊತ್ತಾಗದೆ ತುತ್ತು ಎತ್ತುವುದಿಲ್ಲವೆಂದು ಅಮ್ಮ ಹಟ ಹಿಡಿದಳು. ಹಿಂದಿನ ದಿನದಿಂದಲೇ ಉಪವಾಸ, ಸಕ್ಕರೆ ಕಾಯಿಲೆ ಬೇರೆ.

"ನಿನ್ನ ಡಬ್ಬ ಒಳಗಿಡು. ಅದಕ್ಕಾದ್ರೂ ಕಾಣ್ತದಾ ನೋಡುವ."

"ಅಮ್ಮಾ, ಬಿಸಿ ಇದ್ರೆ ತಾನೇ ಅದಕ್ಕೆ ಕಾಣುದು? ಮಾವ..."

ಕ್ಯಾಮೆರಾವನ್ನು ಕೋಣೆಯೊಳಗೆ ಬಾಗಿಲಿಗೆ ಎದುರಾಗಿ ಕಪಾಟಿನ ಮೇಲಿಟ್ಟೆ. ಬಡಿಸಿ ಬಂದು ಅಮ್ಮ ಹೊರಗಿನಿಂದ ಚಿಲಕ ಹಾಕಿದಳು. ಇಬ್ಬರೂ ಆಚೆ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆವು. ಹಳದಿ ಗುಡ್ಡೆಯಂತಿದ್ದ ಅನ್ನ ನಿಧಾನಕ್ಕೆ ಆರುತ್ತ ಬಂತು. ಎಲೆಯ ಬಳಿ ಏನೂ ಇಲ್ಲ. ಆಮೇಲೆ ಬಾಗಿಲಿನ ಒಳಮೈಯಲ್ಲಿ, ಎದೆಯ ಮಟ್ಟಕ್ಕೆ, ಎರಡು ಹಳದಿ ಮಚ್ಚೆಗಳು ಮೂಡಿದವು. ಅಳಿದವು. ಸ್ವಲ್ಪ ಮೇಲೆ ಮತ್ತೆ ಮೂಡಿದವು, ಯಾರೋ ಅಂಗೈ ಊರಿ ಊರಿ ತಳ್ಳಿದ ಹಾಗೆ.

ಸೆನ್ಸರಿನ ತಪ್ಪಿರಬೇಕು ಎಂದೆ. ಅಮ್ಮನಿಗೆ ಕೇಳಿಸಲೇ ಇಲ್ಲ.

"ಅವ ಉಣ್ಲಿಕ್ಕೆ ಬಂದದ್ದಲ್ಲ ಮಗಾ. ಹೊರಗೆ ಬರ್ಲಿಕ್ಕೆ ನೋಡ್ತಿದ್ದಾನೆ. ನಾನೇ ಚಿಲಕ ಹಾಕಿದೆನಲ್ಲ!"

ಓಡಿಹೋಗಿ ತೆಗೆದಳು. ಒಳಗೆ ಯಾರೂ ಇರಲಿಲ್ಲ. ಅನ್ನ ಬಡಿಸಿದಂತೆಯೇ ಇತ್ತು. ಬಾಗಿಲ ಹಲಗೆ ಮುಟ್ಟಿದೆ, ಬೆಚ್ಚಗಿತ್ತು. ಮೇ ತಿಂಗಳ ಚೆನ್ನೈಯಲ್ಲಿ ಯಾವ ಹಲಗೆ ತಣ್ಣಗಿರುತ್ತದೆ?

ಸಂಜೆ ಅಮ್ಮ ಎಚ್ಚರ ತಪ್ಪಿ ಬಿದ್ದಳು, ಆಸ್ಪತ್ರೆಗೆ ಸೇರಿಸಿದೆವು. ಉಳಿದಳು. ಆಮೇಲೆ ನಾನು ಸೆನ್ಸರ್ ಬದಲಿಸಿ ಎಷ್ಟೋ ಮಧ್ಯಾಹ್ನ ಅದೇ ಜಾಗದಲ್ಲಿಟ್ಟು ನೋಡಿದೆ. ಅಲ್ಲಿ ಬಿಸಿಲು ಬೀಳುವ ಕಿಟಕಿಯಿಲ್ಲ, ಗೋಡೆಯಲ್ಲಿ ಕರೆಂಟಿನ ವೈರೂ ಇಲ್ಲ. ಆ ಮಚ್ಚೆಗಳು ಮತ್ತೆ ಬರಲಿಲ್ಲ.

ಮನೆಯ ಯಾವ ಬಾಗಿಲಿಗೂ ಚಿಲಕ ಹಾಕಲು ಅಮ್ಮ ಈಗ ಬಿಡುವುದಿಲ್ಲ. ಆ ದಿನ ಕಂಡದ್ದಕ್ಕೆ ಬೇರೇನಾದರೂ ಕಾರಣ ಹುಡುಕಿಕೊಟ್ಟರೆ ಅವಳಿಗೆ ನೆಮ್ಮದಿಯಾದೀತು. ನನಗಿನ್ನೂ ಸಿಕ್ಕಿಲ್ಲ.